ಸ್ನೋ ವೈಟ್ ಮೇಲಿನ ಧೂಳು

ಹಳೇ ಪ್ರಿಂಟಿನಲ್ಲಿ ಸಿನಿಮಾ ನೋಡೋದಂದ್ರೆ ಗೀರು, ಧೂಳು ಸಹಿಸಿಕೊಳ್ಳೋದು ಅಂತಲೇ ನಾನೂ ಅಂದ್ಕೊಂಡಿದ್ದೆ. ಆದರೆ ಡಿಸ್ನಿಯ 'ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್' ಮಟ್ಟಿಗೆ ಆ ಧೂಳಿಗೂ ಒಂದು ಚರಿತ್ರೆ ಇದೆ.

ಚಿತ್ರ ಮೊದಲು ತೆರೆಕಂಡದ್ದು 1937ರ ಡಿಸೆಂಬರ್ 21ರಂದು, ಲಾಸ್ ಏಂಜಲಿಸ್‌ನ ಕಾರ್ಥೆ ಸರ್ಕಲ್ ಥಿಯೇಟರಿನಲ್ಲಿ. ಪಾತ್ರಗಳನ್ನು ಬರೆದದ್ದು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ: ಮುಂದೆ ಶಾಯಿಯ ಗೆರೆ, ಹಿಂದೆ ಬಣ್ಣ. ಥಿಯೇಟರಿನಲ್ಲಿ ಓಡಿದ ರೀಲೂ ಅದೇ ಜಾತಿಯದು, ನೈಟ್ರೇಟ್. ಕಿಡಿ ತಾಕಿದರೆ ಭಗ್ಗೆನ್ನುವ ವಸ್ತು!

ಬಣ್ಣದ ಗುಟ್ಟು ಇನ್ನೂ ಸ್ವಾರಸ್ಯ. ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಸಲ ಕಪ್ಪುಬಿಳುಪು ಫಿಲ್ಮಿಗೆ ಇಳಿಸುತ್ತಿದ್ದರು. ಆಮೇಲೆ ಪ್ರಿಂಟಿನ ಮೇಲೆ ಮೂರು ಬಣ್ಣಗಳನ್ನು ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು, ಹೆಚ್ಚುಕಡಿಮೆ ಕ್ಯಾಲೆಂಡರ್ ಮುದ್ರಿಸಿದ ಹಾಗೆ. ಇದೇ ಟೆಕ್ನಿಕಲರ್. ಈ ಬಣ್ಣ ಸುಲಭಕ್ಕೆ ಮಾಸೋದಿಲ್ಲ.

1993ರಲ್ಲಿ ಇಡೀ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿ, ಶುಚಿ ಮಾಡಿ, ಮತ್ತೆ ಫಿಲ್ಮಿಗೇ ಇಳಿಸಿದರು. ಪೂರ್ತಿ ಉದ್ದದ ಚಿತ್ರವೊಂದಕ್ಕೆ ಹೀಗೆ ಮಾಡಿದ್ದು ಅದೇ ಮೊದಲು. ಒಳ್ಳೇ ಕೆಲಸವೇ. ಆದರೆ ಪ್ರೊಜೆಕ್ಟರ್ ಎಳೆದ ಗೀರು ಬೇರೆ, ಅವತ್ತು ಕ್ಯಾಮೆರಾ ಕೆಳಗೆ ಹಾಳೆಯ ಮೇಲೆ ಕೂತು ಚಿತ್ರದ ಜೊತೆಗೇ ಸೆರೆಯಾದ ಧೂಳಿನ ಕಣ ಬೇರೆ. ಮೊದಲನೆಯದು ಗಾಯ, ಎರಡನೆಯದು ಹುಟ್ಟುಮಚ್ಚೆ. ಎರಡನ್ನೂ ಒರೆಸಿಬಿಟ್ಟರೆ?

ಹಾಗಂತ ಮೂಲ ಪ್ರಿಂಟನ್ನು ದಿನಾ ಓಡಿಸೋ ಹಾಗೂ ಇಲ್ಲ, ಓಡಿದಷ್ಟೂ ಸವೆಯುತ್ತೆ. ಅದಕ್ಕೇ ಹೇಳ್ತಿದ್ದೀನಿ, ಎಲ್ಲಾದರೂ ಅದು ತೆರೆಗೆ ಬಂದರೆ ಬಿಡಬೇಡಿ. ಆ ಹುಟ್ಟುಮಚ್ಚೆ ಕಾಣುತ್ತಾ ನೋಡಿ, ನನಗೂ ಹೇಳಿ.