ತಬರನ ಕೂಗು: ಅತಿನಟನೆಯ ಅಳತೆಯನ್ನು ಕುರಿತು

ಅಭಿನಯವು ಸಂದರ್ಭ ಬೇಡುವಷ್ಟನ್ನು ಮೀರಿದಾಗ ಅದು ಅತಿನಟನೆ. ಪ್ರೇಕ್ಷಕರ ಬಾಯಲ್ಲಿ ‘ಓವರ್ ಆಕ್ಟಿಂಗ್’. ದನಿ ಏರಿದ ಮಾತ್ರಕ್ಕೆ ಅತಿಯಾಗುವುದಿಲ್ಲ. ನಾಟ್ಯಶಾಸ್ತ್ರವು ಲೋಕದ ನಡೆಯನ್ನು ಹೋಲುವ ಲೋಕಧರ್ಮಿ, ಶೈಲೀಕೃತವಾದ ನಾಟ್ಯಧರ್ಮಿ ಎಂದು ಎರಡು ರೀತಿಗಳನ್ನು ಬೇರ್ಪಡಿಸುತ್ತದೆ. ಮಲೆನಾಡಿನ ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ಕುಣಿಯುವ ಯಕ್ಷಗಾನದ ವೇಷಧಾರಿ ಎರಡನೆಯದಕ್ಕೆ ಸೇರಿದವನು. ಅವನ ಅಬ್ಬರ ಯಾರಿಗೂ ಅತಿ ಎನಿಸದು. ಮೈಕಿಲ್ಲದ ಕಾಲದ ಕಂಪನಿ ನಾಟಕದ ನಟನೂ ಕೊನೆಯ ಸಾಲಿಗೆ ಮಾತು ಮುಟ್ಟಿಸಬೇಕಿತ್ತು. ಆರಂಭದ ಕನ್ನಡ ಚಿತ್ರನಟರಲ್ಲಿ ಹೆಚ್ಚಿನವರು ಅಂಥ ಕಂಪನಿಗಳಿಂದಲೇ ಬಂದವರು. ಕ್ಯಾಮೆರಾ ಮಾರು ದೂರಕ್ಕೆ ಬಂದರೂ ಹಳೆಯ ಅಳತೆ ಉಳಿದದ್ದೇ ತೊಡಕು.

ಈ ಅಳತೆಯನ್ನು ಕಿರಿದಾಗಿಸಿದ ಚಿತ್ರಗಳಿಗೆ ಚಿಕ್ಕಮಗಳೂರು ಜಿಲ್ಲೆಯ ನಂಟಿದೆ. ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ (1970) ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರಿತವಾಯಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ತಬರನ ಕಥೆ’ ನಿರ್ದೇಶಿಸಿದರು; 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಸಂದ ಸ್ವರ್ಣಕಮಲದ ಜೊತೆಗೆ ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ ಬಹುಪಾಲು ಕೈಮುಗಿದೇ ಇರುತ್ತಾನೆ. ಹೆಂಡತಿಯ ಕಾಲು ಕೊಳೆಯುತ್ತಿದ್ದರೂ ದನಿ ತಗ್ಗಿಯೇ ಇರುತ್ತದೆ. ಕೊನೆಗೆ ಬುದ್ಧಿ ಕದಡಿ ಅವನು ಕಿರುಚುವಾಗ ಅದು ಹೆಚ್ಚಾಯಿತೆನಿಸುವುದಿಲ್ಲ: ಅಷ್ಟೂ ಹೊತ್ತು ನುಂಗಿಕೊಂಡದ್ದು ಅಲ್ಲಿ ಹೊರಬೀಳುತ್ತದೆ. ಇದೇ ಕಿರುಚಾಟ ಮೊದಲ ದೃಶ್ಯದಲ್ಲಿದ್ದಿದ್ದರೆ ಶುದ್ಧ ಅತಿನಟನೆಯಾಗುತ್ತಿತ್ತು.

ತೇಜಸ್ವಿಯವರದೇ ಕಥೆಯ ಮೇಲೆ ಸುಮನಾ ಕಿತ್ತೂರು ತೆಗೆದ ‘ಕಿರಗೂರಿನ ಗಯ್ಯಾಳಿಗಳು’ (2016) ಬೇರೆ ಬಗೆಯದು. ಬೀದಿಗಿಳಿದು ಜಗಳಕ್ಕೆ ನಿಲ್ಲುವ ಹೆಂಗಸರೇ ಅದರ ವಸ್ತು. ಗಯ್ಯಾಳಿ ಮೆಲ್ಲಗೆ ಮಾತಾಡಿದರೆ ಆ ಹೆಸರಿಗೇ ಅರ್ಥವಿಲ್ಲ. ಅಲ್ಲಿ ಜೋರು ಪಾತ್ರಗಳ ಗುಣವೇ ಹೊರತು ನಟಿಯರ ದೋಷವಲ್ಲ.

ಟಿವಿ ಧಾರಾವಾಹಿಗಳಲ್ಲಿ ಅತಿನಟನೆಗೆ ಕಾರಣ ಬೇರೆಯೇ. ದಿನಕ್ಕೊಂದು ಕಂತು ಹೊರಡಬೇಕು, ತಾಲೀಮಿಗೆ ಬಿಡುವಿಲ್ಲ. ಒಗ್ಗರಣೆ ಹಾಕುತ್ತ ಕಿವಿಯಲ್ಲೇ ಕಥೆ ಹಿಡಿಯುವ ಪ್ರೇಕ್ಷಕರಿಗಾಗಿ ಪ್ರತಿ ಭಾವವನ್ನೂ ಸದ್ದಿನಲ್ಲಿ ಹೇಳಬೇಕಾಗುತ್ತದೆ. ಬೆಚ್ಚಿದ ಒಂದೇ ಮುಖವನ್ನು ಮೂರು ಕೋನಗಳಿಂದ, ಸಿಡಿಲಿನಂಥ ಹಿನ್ನೆಲೆ ಸಂಗೀತದೊಡನೆ ತೋರಿಸಿದಾಗ ನಟಿ ಒಮ್ಮೆ ಮಾಡಿದ್ದು ಮೂರು ಪಟ್ಟಾಗಿ ಕಾಣುತ್ತದೆ. ನಟಿಯ ತಲೆಗೆ ಕಟ್ಟುವ ಈ ದೋಷದಲ್ಲಿ ಅರ್ಧಕ್ಕೂ ಹೆಚ್ಚು ಸಂಕಲನಕಾರನ ಮೇಜಿನ ಮೇಲೆ ಹುಟ್ಟಿದ್ದು.