ಪುಣೆಯ ಸೇವಾಸದನ: ಒಂದು ಮಹಿಳಾ ಸೇವಾಸಂಘದ ಆರಂಭಕಾಲ

ಹತ್ತೊಂಬತ್ತನೆಯ ಶತಮಾನದ ಸಮಾಜಸುಧಾರಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ಭಾಷಣಗಳನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. 1856ರ ವಿಧವಾ ಪುನರ್ವಿವಾಹ ಶಾಸನ, 1891ರ ಸಮ್ಮತಿ ವಯಸ್ಸಿನ ಶಾಸನ ಇವುಗಳ ಸುತ್ತ ನಡೆದ ವಾದವಿವಾದಗಳಿಗೆ ಪುಟಗಟ್ಟಲೆ ಸ್ಥಳ ದೊರೆಯುತ್ತದೆ. ಹೆಂಗಸರು ತಾವೇ ಕೂಡಿ ಕಟ್ಟಿಕೊಂಡ ಸಂಘಗಳಿಗಾದರೋ ಒಂದು ವಾಕ್ಯ ದೊರೆತರೆ ಹೆಚ್ಚು. ಹೊಲಿಗೆ ಕಲಿಯುವುದು, ಆಸ್ಪತ್ರೆಯ ರೋಗಿಗಳನ್ನು ನೋಡಿಬರುವುದು, ಕ್ಷಾಮಪೀಡಿತರಿಗೆ ಹಣ ಕೂಡಿಸುವುದು ಇವು ಚರಿತ್ರೆಯ ವಸ್ತುವೇ ಎಂದು ಕೇಳುವವರೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಇವು ಚರಿತ್ರೆಯ ವಸ್ತುವೇ ಸರಿ. ಶ್ರೀಮತಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ 1909ರಲ್ಲಿ ಪುಣೆಯಲ್ಲಿ ಹುಟ್ಟಿದ ಸೇವಾಸದನವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸೇವಾಸದನದ ಕಥೆ 1909ಕ್ಕಿಂತ ಬಹಳ ಹಿಂದೆಯೇ ಮೊದಲಾಗುತ್ತದೆ. 1882ರಲ್ಲಿ ಪಂಡಿತಾ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಈಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಪಂಡಿತರ ಆಕ್ಷೇಪಣೆಗೆ ಗುರಿಯಾಗಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲಸಿದವರು. ಆ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಮಗಳು ಪುಣೆಯ ಗೃಹಿಣಿಯರನ್ನು ಒಂದೆಡೆ ಕೂಡಿಸಿದಳೆಂಬುದು ಕನ್ನಡಿಗರಾದ ನಮಗೆ ಸ್ಮರಣೀಯವಾದ ಸಂಗತಿ. ಆ ಸಭೆಗಳಿಗೆ ಹೋಗುತ್ತಿದ್ದವರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪತ್ನಿ, ಇಪ್ಪತ್ತರ ಹರೆಯದ ರಮಾಬಾಯಿಯವರೂ ಒಬ್ಬರು. 1862ರಲ್ಲಿ ಹುಟ್ಟಿದ ಇವರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ವಿವಾಹವಾಗಿತ್ತು, ಅಕ್ಷರಾಭ್ಯಾಸವಾದದ್ದು ಗಂಡನಿಂದಲೇ. ಇಂಗ್ಲಿಷ್ ಕಲಿಯತೊಡಗಿದಾಗ ಮನೆಯ ಹಿರಿಯ ಹೆಂಗಸರಿಂದ ಪಡಬೇಕಾಗಿ ಬಂದ ನಿಂದೆಯನ್ನೂ ಬಹಿಷ್ಕಾರದಂಥ ನಡವಳಿಕೆಯನ್ನೂ ಅವರು 1910ರಲ್ಲಿ ಪ್ರಕಟವಾದ ತಮ್ಮ ಮರಾಠಿ ಆತ್ಮಕಥನದಲ್ಲಿ ಯಾವ ಕಹಿಯೂ ಇಲ್ಲದೆ ವಿವರಿಸಿದ್ದಾರೆ.

ಪಂಡಿತಾ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಹಿಂತಿರುಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ತಂದ ವಿಧವೆಯರ ಶಾರದಾಸದನದಲ್ಲಿ ಮತಾಂತರದ ಪ್ರಶ್ನೆ ಎದ್ದು, 1893ರಲ್ಲಿ ರಾನಡೆ, ಭಂಡಾರಕರ ಮೊದಲಾದವರು ಅದರ ಸಲಹಾಮಂಡಲಿಯನ್ನು ಬಿಟ್ಟರು. ಈ ಘಟನೆಯಿಂದ ಪುಣೆಯ ಮನೆಗಳಲ್ಲಿ ಉಂಟಾದ ಅವಿಶ್ವಾಸವು ಬಹುಕಾಲ ಉಳಿಯಿತು. ಮನೆಯ ವಿಧವೆಯನ್ನು ಒಂದು ಸಂಸ್ಥೆಗೆ ಕಳುಹಿಸಿದರೆ ಅವಳು ಕೈಬಿಟ್ಟುಹೋದಳೆಂದೇ ಅರ್ಥ, ಎಂಬ ಅಂಜಿಕೆ ಅದು. ಮುಂದೆ ಸೇವಾಸದನವು ಇಟ್ಟ ಒಂದೊಂದು ಹೆಜ್ಜೆಯ ಎಚ್ಚರಿಕೆಯನ್ನೂ ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಅದನ್ನು ಅಂಜುಬುರುಕುತನವೆಂದು ಹಳಿಯುವುದು ಸುಲಭ. ಆದರೆ ಅದು ನ್ಯಾಯವಾದ ವಿಮರ್ಶೆಯಾಗಲಾರದು.

ರಾನಡೆಯವರು ಮುಂಬಯಿಯ ಹೈಕೋರ್ಟಿನ ನ್ಯಾಯಾಧೀಶರಾದ ಮೇಲೆ ರಮಾಬಾಯಿಯವರು ಆ ನಗರದಲ್ಲಿ ಹಿಂದೂ ಸ್ತ್ರೀಯರ ಸಾಮಾಜಿಕ ಮತ್ತು ಸಾಹಿತ್ಯ ಕ್ಲಬ್ಬನ್ನು ಆರಂಭಿಸಿದರು. ಪ್ರಥಮ ಚಿಕಿತ್ಸೆ, ಹೊಲಿಗೆ, ಹೆಣಿಗೆ, ಸಾಮಾನ್ಯಜ್ಞಾನ ಇವುಗಳೊಡನೆ ಸಭೆಯಲ್ಲಿ ನಿಂತು ಮಾತನಾಡುವ ಅಭ್ಯಾಸವನ್ನೂ ಅಲ್ಲಿ ಮಾಡಿಸಲಾಗುತ್ತಿತ್ತು. ಈ ಕೊನೆಯದರ ಮಹತ್ವವನ್ನು ಹೆಚ್ಚು ಹೇಳಬೇಕಾಗಿಲ್ಲ. 1901ರ ಜನವರಿಯಲ್ಲಿ ರಾನಡೆಯವರು ತೀರಿಕೊಂಡರು. ಪುಣೆಗೆ ಹಿಂತಿರುಗಿದ ರಮಾಬಾಯಿಯವರು ಕೆಲಕಾಲ ಏಕಾಂತದಲ್ಲಿದ್ದು, ಅನಂತರ ಸೆರೆಮನೆಯ ಸ್ತ್ರೀಕೈದಿಗಳನ್ನೂ ಆಸ್ಪತ್ರೆಯ ರೋಗಿಗಳನ್ನೂ ಕಾಣಲು ಹೋಗತೊಡಗಿದರು. ಹಬ್ಬದ ದಿನಗಳಲ್ಲಿ ಹಣ್ಣು, ಹೂವು, ಸಿಹಿತಿಂಡಿಗಳನ್ನು ಕೊಂಡೊಯ್ದು ಅವರ ನಡುವೆ ಕುಳಿತು ಓದಿ ಹೇಳುತ್ತಿದ್ದರು. 1904ರಲ್ಲಿ ಮುಂಬಯಿಯಲ್ಲಿ ಸೇರಿದ ಭಾರತ ಮಹಿಳಾ ಪರಿಷತ್ತಿಗೆ ಅವರೇ ಅಧ್ಯಕ್ಷೆ.

ಬೆಹರಾಮಜಿ ಮಲಬಾರಿ ಮತ್ತು ದಯಾರಾಮ ಗಿಡುಮಲ್ ಇವರಿಬ್ಬರು ಭಾರತೀಯ ಸ್ತ್ರೀಯರಿಗೆ ದಾದಿಯರ ಶಿಕ್ಷಣವನ್ನು ಕೊಡುವ ಒಂದು ಸಂಸ್ಥೆಯ ಯೋಜನೆಯನ್ನು ಹಿಡಿದು ರಮಾಬಾಯಿಯವರ ಬಳಿಗೆ ಬಂದದ್ದು 1908ರಲ್ಲಿ. ಹಾಗೆ ಮುಂಬಯಿಯ ಸೇವಾಸದನ ಹುಟ್ಟಿತು. ಮರುವರ್ಷ ಪುಣೆಯಲ್ಲಿ ರಾನಡೆಯವರ ಮನೆಯಲ್ಲಿಯೇ ಪುಣೆಯ ಸೇವಾಸದನದ ಕೆಲಸ ಮೊದಲಾಯಿತು. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜದ ಸದಸ್ಯರಾದ ಗೋಪಾಲಕೃಷ್ಣ ದೇವಧರರು ಅದರ ವ್ಯವಸ್ಥೆಯ ಹೊಣೆಯನ್ನು ಹೊತ್ತರು. ಇಂಥ ಸಂಸ್ಥೆಗಳಲ್ಲಿ ಪುರುಷರ ಪಾಲೆಷ್ಟು, ಸ್ತ್ರೀಯರ ಪಾಲೆಷ್ಟು ಎಂದು ತೂಗಿನೋಡುವ ಪದ್ಧತಿಯುಂಟು. ಸಂಘಟನೆಯ ಜಾಣ್ಮೆ ದೇವಧರರದಾದರೂ, ಮಗಳನ್ನೋ ಸೊಸೆಯನ್ನೋ ಕಳುಹಿಸಿಕೊಡಿರೆಂದು ಮನೆಯ ಹಿರಿಯರನ್ನು ಒಪ್ಪಿಸಬಲ್ಲವರು ರಾನಡೆಯವರ ಪತ್ನಿಯೊಬ್ಬರೇ ಆಗಿದ್ದರು.

ಸಂಸ್ಥೆಯ ಹೆಸರಿನಲ್ಲಿಯೇ ಒಂದು ವಿವೇಕವಿದೆ. ಸ್ತ್ರೀಯ ವಿದ್ಯೆ ಅಂದಿನ ಪುಣೆಯಲ್ಲಿ ವಿವಾದಾಸ್ಪದ. ಸ್ತ್ರೀಯ ಸ್ವಾತಂತ್ರ್ಯವಂತೂ ಬಾಯಲ್ಲಿ ಆಡಬಾರದ ಮಾತು. ಸೇವೆಯನ್ನು ಮಾತ್ರ ಯಾರೂ ಆಕ್ಷೇಪಿಸುವಂತಿರಲಿಲ್ಲ. ಹೆಣ್ಣಿಗೆ ಅದನ್ನು ಮನೆಯೇ ಕಲಿಸಿತ್ತು. ಮನೆಯೊಳಗೆ ಅತ್ತೆಮಾವಂದಿರಿಗೆ ಸಲ್ಲುತ್ತಿದ್ದ ಸೇವೆಯನ್ನು ಹೊಸ್ತಿಲಾಚೆಯ ಅಪರಿಚಿತರಿಗೂ ಸಲ್ಲಿಸುವುದೆಂದಾಗ ವಿರೋಧಿಗಳ ಬಾಯಿ ಅರ್ಧ ಕಟ್ಟಿಹೋಯಿತು. ಮನೆಗೆಲಸ ಮುಗಿದ ಮಧ್ಯಾಹ್ನದ ವೇಳೆಯಲ್ಲಿ ತರಗತಿಗಳು ನಡೆದುದರಿಂದ ಗೃಹಿಣಿಯರು ಬರುವುದು ಸಾಧ್ಯವಾಯಿತು. ಅರಿಸಿನ ಕುಂಕುಮದ ಕೂಟಗಳಿಗೆ ಸುಮಂಗಲಿಯರು ಹಿಂದಿನಿಂದಲೂ ಹೋಗಿಬರುತ್ತಿದ್ದರು. ವಿಧವೆಗೆ ಆ ಬಾಗಿಲೂ ಮುಚ್ಚಿತ್ತು. ವಿಧವೆಯೊಬ್ಬಳು ಮಾನದಿಂದ ಮನೆಯ ಹೊರಗೆ ಕಾಲಿಡಲು ತೀರ್ಥಯಾತ್ರೆ, ಪುರಾಣಶ್ರವಣಗಳ ಹೊರತು ಮತ್ತೊಂದು ನೆಪವನ್ನು ಈ ಸಂಸ್ಥೆ ಒದಗಿಸಿತು.

ದಾದಿಯರ ಶಿಕ್ಷಣವೇ ಎಲ್ಲಕ್ಕಿಂತ ಕಠಿಣವಾದ ಕಾರ್ಯ. ಇಂದಿನ ವಿದ್ಯಾರ್ಥಿಗಳಿಗೆ ಇದರ ಕಾಠಿಣ್ಯ ತಟ್ಟನೆ ಹೊಳೆಯಲಾರದು. ಮಡಿಯಲ್ಲಿ ಬೆಳೆದ ಬ್ರಾಹ್ಮಣ ವಿಧವೆ ಪರಪುರುಷನ ಮೈಮುಟ್ಟಬೇಕು. ಮಲಮೂತ್ರ, ರಕ್ತ, ಹೆಣ ಇವುಗಳ ನಡುವೆ ಇರಬೇಕು. ಜಾತಿ ಕೇಳದೆ ಎಲ್ಲರಿಗೂ ನೀರು ಕೊಡಬೇಕು. ರಾತ್ರಿಯ ಸರದಿಯಲ್ಲಿ ಮನೆಯಿಂದ ಹೊರಗಿರಬೇಕು. ಇವುಗಳಲ್ಲಿ ಒಂದೊಂದೂ ಸಾಂಪ್ರದಾಯಿಕ ಕುಟುಂಬಕ್ಕೆ ಬಹಿಷ್ಕಾರಯೋಗ್ಯವಾದ ಅಪರಾಧ. ಹೀಗಿದ್ದರೂ ಸೇವಾಸದನದ ಸ್ತ್ರೀಯರು ಸಸೂನ್ ಆಸ್ಪತ್ರೆಯಲ್ಲಿ ದಾದಿಯರಾಗಿ ಶಿಕ್ಷಣ ಪಡೆದರು. ದಾದಿಯರಾಗಲಿದ್ದವರಿಗೂ ವೈದ್ಯಶಿಕ್ಷಣ ಪಡೆಯುತ್ತಿದ್ದವರಿಗೂ ಪ್ರತ್ಯೇಕ ವಸತಿಗೃಹಗಳು ಏರ್ಪಟ್ಟವು. ಉಪಾಧ್ಯಾಯಿನಿಯರಿಗಾಗಿ ಒಂದು ಶಿಕ್ಷಣ ಕಾಲೇಜೂ ಬಂದಿತು. ಪರಾಶ್ರಿತೆಯಾಗಿ ಅಡುಗೆಮನೆಯ ಮೂಲೆಯಲ್ಲಿದ್ದ ಹೆಂಗಸು ತಿಂಗಳ ಸಂಬಳ ತರುವವಳಾದಳು. ಅದೇ ಮನೆಯಲ್ಲಿ ಅವಳಿಗೆ ದೊರೆತ ಸ್ಥಾನ ಎಷ್ಟು ಬದಲಾಯಿತೆಂಬುದನ್ನು ಯಾವ ವಾರ್ಷಿಕ ವರದಿಯೂ ಅಳೆದು ಹೇಳಲಾರದು.

ಆಷಾಢ ಮತ್ತು ಕಾರ್ತಿಕದ ಜಾತ್ರೆಗಳಲ್ಲಿ ರಮಾಬಾಯಿಯವರು ಸ್ವಯಂಸೇವಿಕೆಯರನ್ನು ಕರೆದುಕೊಂಡು ಆಳಂದಿಗೆ ಹೋಗಿ ಸ್ತ್ರೀಯಾತ್ರಿಕರಿಗೆ ನೆರವಾಗುತ್ತಿದ್ದರು. 1913ರಲ್ಲಿ ಗುಜರಾತು, ಕಾಠೇವಾಡಗಳ ಕ್ಷಾಮಪೀಡಿತರಿಗೆ ಪರಿಹಾರವನ್ನು ಏರ್ಪಡಿಸಲು ಅಲ್ಲಿಗೆ ಪ್ರವಾಸ ಮಾಡಿದರು. 1915ರಲ್ಲಿ ಸಂಸ್ಥೆಯ ನೋಂದಣಿಯಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪುಣೆಯಲ್ಲಿ ಸ್ತ್ರೀಯರ ಸೇವಾಕಾರ್ಯವು ಸೇವಾಸದನದಿಂದಲೇ ಮೊದಲಾಯಿತೆಂಬ ಭಾವನೆ ಸರಿಯಲ್ಲ. ಅದೇ ನಗರದಲ್ಲಿ 1848ರಲ್ಲಿಯೇ ಜ್ಯೋತಿಬಾ ಮತ್ತು ಸಾವಿತ್ರೀಬಾಯಿ ಫುಲೆಯವರು ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರು. 1897ರ ಪ್ಲೇಗಿನಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ರೋಗ ತಗಲಿ ಸಾವಿತ್ರೀಬಾಯಿಯವರು ಮಡಿದರು. ಅವರಿಗೆ ಹಿಂದೆ ಸುಸಜ್ಜಿತವಾದ ಸಂಸ್ಥೆಯಿರಲಿಲ್ಲ, ಸರ್ಕಾರದ ವಲಯಗಳಲ್ಲಿ ರಾನಡೆಯವರ ಹೆಸರಿಗಿದ್ದಂಥ ಗೌರವವೂ ಇರಲಿಲ್ಲ. ಸೇವಾಸದನದ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿದ್ದರೂ ಒಳಗೆ ಬಂದವರಲ್ಲಿ ಮೇಲುಜಾತಿಗಳವರೇ ಹೆಚ್ಚು. ಈ ಮಿತಿಯನ್ನು ಅದರ ಕೀರ್ತಿಯ ಜೊತೆಯಲ್ಲಿಯೇ ದಾಖಲಿಸುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಸೇವೆಯ ಹೆಸರಿನಲ್ಲಿ ಕೂಡಿದವರು ಹಕ್ಕಿನ ಮಾತಿಗೆ ಬರಲು ಹತ್ತು ವರ್ಷಗಳು ಸಾಕಾದವು. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಹಣದ ಅಭಾವದಿಂದ ಮೊದಲು ಬಾಲಕರಿಗೆ ಮಾತ್ರ ಕೊಡೋಣವೆಂಬ ವಾದ ಪುಣೆಯ ಪುರಸಭೆಯಲ್ಲಿ ಎದ್ದಾಗ, 1920ರಲ್ಲಿ ರಮಾಬಾಯಿಯವರ ಮುಂದಾಳುತನದಲ್ಲಿ ಹೆಂಗಸರು ಮೆರವಣಿಗೆ ಹೊರಟು ಬಾಲಿಕೆಯರಿಗೂ ಶಿಕ್ಷಣ ಬೇಕೆಂದು ಬೀದಿಯಲ್ಲಿ ಕೇಳಿದರು. ಸಭೆಯಲ್ಲಿ ಮಾತನಾಡಲು ಕಲಿಸಿದ ಮುಂಬಯಿಯ ಕ್ಲಬ್ಬಿನ ಪಾಠ ಇಲ್ಲಿ ಫಲಕೊಟ್ಟಿತೆನ್ನಬಹುದು. ಮತದಾನದ ಹಕ್ಕಿಗಾಗಿ ಮುಂಬಯಿ ಪ್ರಾಂತದಲ್ಲಿ ನಡೆದ ಚಳವಳಿಯಲ್ಲಿಯೂ ಅವರು ಮುಂದೆ ನಿಂತರು. 1924ರಲ್ಲಿ ಅವರು ತೀರಿಕೊಂಡಾಗ ಸೇವಾಸದನದ ವಿವಿಧ ವಿಭಾಗಗಳಲ್ಲಿ ಸಾವಿರಕ್ಕೂ ಮಿಕ್ಕಿ ಸ್ತ್ರೀಯರು ಕಲಿಯುತ್ತಿದ್ದರು.

ಮುಂಬಯಿ ಶಾಸನಸಭೆ 1921ರಲ್ಲಿ ಸ್ತ್ರೀಯರ ಮತದಾನದ ಹಕ್ಕನ್ನು ಅಂಗೀಕರಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ, ಆಸ್ತಿಯ ಅರ್ಹತೆಯುಳ್ಳ ಕನ್ನಡ ಸ್ತ್ರೀಯರಿಗೂ ಆ ಹಕ್ಕು ಅದೇ ನಿರ್ಣಯದಿಂದ ದೊರೆಯಿತು.