ಗೊರಕೆ ಒಳ್ಳೆಯ ನಿದ್ದೆಯ ಗುರುತಲ್ಲ: ಸ್ಲೀಪ್ ಆಪ್ನಿಯಾ ಪತ್ತೆಗೆ ಎಂಟು ಪ್ರಶ್ನೆಗಳು

ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡು ‘ಎಷ್ಟು ಒಳ್ಳೆಯ ನಿದ್ದೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಗೊರಕೆ ನಡುನಡುವೆ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತಿನ ಬಳಿಕ ಏದುಸಿರಿನೊಂದಿಗೆ ಮತ್ತೆ ಆರಂಭವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆ ಆಗಿರಬಹುದು.

ಏನಿದು ಕಾಯಿಲೆ?

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಮೆದುಳು ಅರೆ ಎಚ್ಚರಗೊಂಡು ಉಸಿರಾಟ ಮತ್ತೆ ಆರಂಭವಾಗುತ್ತದೆ. ಹೀಗೆ ರಾತ್ರಿಯಿಡೀ ನಡೆದರೂ ರೋಗಿಗೆ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ಹತೋಟಿಗೆ ಬಾರದ ರಕ್ತದೊತ್ತಡ ಇವೇ ಅದರ ಸುಳಿವುಗಳು.

ಮಂಗಳೂರಿನಿಂದ ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ರಾತ್ರಿ ವಾಹನ ಓಡಿಸುವ ಚಾಲಕರಿಗಾಗಲಿ, ತುಮಕೂರಿನ ಶೆಟ್ಟಿಹಳ್ಳಿಯಂತಹ ಬಡಾವಣೆಯಿಂದ ಬೈಕಿನಲ್ಲಿ ಹೆದ್ದಾರಿ ಹಿಡಿದು ದುಡಿಯಲು ಹೋಗುವವರಿಗಾಗಲಿ ಒಂದು ಕ್ಷಣದ ತೂಕಡಿಕೆ ಪ್ರಾಣಕ್ಕೇ ಎರವಾಗಬಹುದು.

ಎಂಟು ಪ್ರಶ್ನೆಗಳು

ಕೆನಡಾದ ಟೊರಾಂಟೊದ ಅರಿವಳಿಕೆ ತಜ್ಞೆ ಡಾ. ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳಿಗಾಗಿ 2008ರಲ್ಲಿ ಪ್ರಕಟಿಸಿದ ‘ಸ್ಟಾಪ್-ಬ್ಯಾಂಗ್’ ಪಟ್ಟಿ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಪ್ರತಿ ‘ಹೌದು’ ಉತ್ತರಕ್ಕೆ ಒಂದು ಅಂಕ.

1. ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೀರಾ?
2. ಹಗಲಿನಲ್ಲಿ ಆಗಾಗ ದಣಿವು, ನಿದ್ದೆಯ ಮಂಪರು ಇರುತ್ತದೆಯೇ?
3. ನಿದ್ದೆಯಲ್ಲಿ ನಿಮ್ಮ ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ?
4. ರಕ್ತದೊತ್ತಡ ಇದೆಯೇ, ಅಥವಾ ಅದಕ್ಕೆ ಮಾತ್ರೆ ಸೇವಿಸುತ್ತಿದ್ದೀರಾ?
5. ಬಿಎಂಐ 35ಕ್ಕಿಂತ ಹೆಚ್ಚೇ? 165 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 95 ಕಿಲೋ ತೂಕ.
6. ವಯಸ್ಸು 50 ದಾಟಿದೆಯೇ?
7. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚೇ?
8. ಪುರುಷರೇ?

ಅಂಕ 0ರಿಂದ 2 ಇದ್ದರೆ ಅಪಾಯ ಕಡಿಮೆ, 3 ಅಥವಾ 4 ಇದ್ದರೆ ಮಧ್ಯಮ, 5ರಿಂದ 8 ಇದ್ದರೆ ಹೆಚ್ಚು.

ಗಮನಿಸಬೇಕಾದ ಅಂಶಗಳು

ಅಂಕ ಹೇಳುವುದು ಅಪಾಯವನ್ನೇ ಹೊರತು ಕಾಯಿಲೆಯನ್ನಲ್ಲ. 55 ವರ್ಷದ, ರಕ್ತದೊತ್ತಡವಿರುವ ಯಾವುದೇ ಪುರುಷನಿಗೆ ಗೊರಕೆಯಿಲ್ಲದೆಯೂ 3 ಅಂಕ ಬರುತ್ತದೆ. ಇನ್ನೊಂದೆಡೆ, ಭಾರತೀಯರಲ್ಲಿ ಬಿಎಂಐ 35 ತಲುಪುವ ಮೊದಲೇ ಈ ತೊಂದರೆ ಕಾಣಿಸಿಕೊಳ್ಳಬಹುದು. ಮಹಿಳೆಯರು ಗೊರಕೆಗಿಂತ ಹೆಚ್ಚಾಗಿ ದಣಿವು, ನಿದ್ರಾಹೀನತೆ, ತಲೆನೋವನ್ನು ಹೇಳಿಕೊಳ್ಳುವುದುಂಟು. ಮುಟ್ಟು ನಿಂತ ಬಳಿಕ ಅವರಲ್ಲೂ ಅಪಾಯ ಹೆಚ್ಚುತ್ತದೆ. ಆದ್ದರಿಂದ ಕಡಿಮೆ ಅಂಕ ಬಂದಿತೆಂದು ಲಕ್ಷಣಗಳನ್ನು ಕಡೆಗಣಿಸಬಾರದು.

ಹಾಗಾದರೆ ಎಲ್ಲರನ್ನೂ ತಪಾಸಣೆ ಮಾಡಬೇಕೆ? ಲಕ್ಷಣಗಳಿಲ್ಲದ ವಯಸ್ಕರೆಲ್ಲರ ತಪಾಸಣೆಯಿಂದ ಲಾಭವಿದೆಯೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ತಿಳಿಸಿದೆ. ಗೊರಕೆ, ತೂಕಡಿಕೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ವೃತ್ತಿಪರ ಚಾಲಕರು, ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಇವರತ್ತ ಮೊದಲು ಗಮನ ಹರಿಸುವುದು ಸೂಕ್ತ.

ಮುಂದಿನ ಹೆಜ್ಜೆ

ಕಾಯಿಲೆ ಖಚಿತವಾಗುವುದು ನಿದ್ರಾ ಪರೀಕ್ಷೆಯಿಂದ ಮಾತ್ರ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದನ್ನು ಅದರಲ್ಲಿ ಎಣಿಸುತ್ತಾರೆ. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ಪ್ರಯೋಗಾಲಯವಿದೆ. ಸಮೀಪದ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ತಜ್ಞರನ್ನು ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕೇಳಿದರೆ ಅವರೂ ದಾರಿ ತೋರಿಸುತ್ತಾರೆ. ತೂಕ ಇಳಿಸುವುದು, ರಾತ್ರಿ ಮದ್ಯಪಾನ ಬಿಡುವುದು, ಮಗ್ಗುಲಾಗಿ ಮಲಗುವುದು ನೆರವಾಗುತ್ತವೆ. ವೈದ್ಯರ ಸಲಹೆಯಿಲ್ಲದೆ ನಿದ್ದೆಯ ಮಾತ್ರೆ ಸೇವಿಸಬಾರದು. ಕಾಯಿಲೆ ಹೆಚ್ಚಿದ್ದವರಿಗೆ ಮೂಗಿನ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ನೀಡುವ ಸಿಪ್ಯಾಪ್ ಯಂತ್ರವನ್ನು ವೈದ್ಯರು ಸೂಚಿಸುತ್ತಾರೆ. ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ 1981ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಧರ್ಮಕೇಂದ್ರಗಳ ಆರೋಗ್ಯ ಶಿಬಿರಗಳಲ್ಲಿ ಈ ಪಟ್ಟಿಯನ್ನು ಬಳಸಲು ತೂಕದ ಯಂತ್ರ, ಅಳತೆ ಟೇಪು, ರಕ್ತದೊತ್ತಡದ ಉಪಕರಣ ಇಷ್ಟು ಸಾಕು. ಮೂರನೆಯ ಪ್ರಶ್ನೆಗೆ ಉತ್ತರ ಬಲ್ಲವರು ಪಕ್ಕದಲ್ಲಿ ಮಲಗುವವರು. ಆದುದರಿಂದ ಪತಿ-ಪತ್ನಿಯನ್ನು ಜೊತೆಯಾಗಿ ಕರೆಯಿರಿ, ನಾಲ್ಕು ಜನರ ಎದುರು ಗೊರಕೆಯ ಮಾತೆತ್ತಿ ನಗೆಪಾಟಲು ಮಾಡಬೇಡಿ. ‘ನಿಮಗೆ ಕಾಯಿಲೆಯಿದೆ’ ಎನ್ನದೆ, ಅಂಕವನ್ನು ಚೀಟಿಯಲ್ಲಿ ಬರೆದುಕೊಟ್ಟು ವೈದ್ಯರ ಬಳಿಗೆ ಕಳುಹಿಸಿ. ವಾಹನ ಓಡಿಸುವಾಗ ತೂಕಡಿಕೆ ಬರುತ್ತದೆ ಎನ್ನುವವರಿಗೆ ಮಾತ್ರ, ಪರೀಕ್ಷೆ ಆಗುವವರೆಗೆ ಸ್ಟಿಯರಿಂಗ್ ಹಿಡಿಯಬೇಡಿ ಎಂದು ಅಂದೇ ಸ್ಪಷ್ಟವಾಗಿ ತಿಳಿಸಿ.